ಖಳನಾಯಕನ ದನಿ ಏರಿಸಿದ ದಿನಗಳು

ಮೊದಲ ದಿನ ಮಾಸ್ತರರ ಬಗ್ಗೆ ದೂರು ಹೇಳಿದವರು ಅವರ ಹೆಂಡತಿ.

"ಇವರಿಗೆ ಸೊಕ್ಕ ಬಂದೈತ್ರಿ ಬಾಯಾರ," ಎಂದರು. "ನಾಕ ಸಲ ಕೇಳಿದ್ರ ಒಂದ ಸಲ ಮಾತಾಡ್ತಾರ. ಆ ಮಾತೂ ಹೊಟ್ಯಾಗ ಉಳೀತೈತಿ. ಮಾರಿ ನೋಡ್ರಿ, ನಾ ಏನೋ ದೊಡ್ಡ ತಪ್ಪ ಮಾಡೀನಿ ಅನ್ನೂವಂಗ ಇಟ್ಕೊಂಡಾರ. ಯಾಕ ಸಿಟ್ಟು ಅಂದ್ರ, ಸಿಟ್ಟಿಲ್ಲ ಅಂತಾರ. ಅದನ್ನೂ ಸಿಟ್ಟಿನ ಮಾರೀಲೇನ ಅಂತಾರ."

ಪಕ್ಕದ ಕುರ್ಚಿಯಲ್ಲಿದ್ದ ಮಾಸ್ತರರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕಣ್ಣು ಮಿಟುಕಿಸುವುದೂ ಅಪರೂಪ. ತೊಡೆಯ ಮೇಲಿಟ್ಟ ಬಲಗೈಯ ಹೆಬ್ಬೆರಳು ಮಾತ್ರ ತೋರುಬೆರಳಿಗೆ ಉಜ್ಜಿ ಏನನ್ನೋ ಹೊಸೆಯುತ್ತಿರುವಂತೆ ನಡುಗುತ್ತಿತ್ತು. ಅವರು ಏನೋ ಹೇಳಿದರು. ತುಟಿ ಆಡಿದ್ದು ಕಂಡಿತು. ಮಾತು ಮೇಜು ದಾಟಿ ನನ್ನ ಕಡೆ ಬರಲಿಲ್ಲ.

ನಾನು ವಾಕ್ ಚಿಕಿತ್ಸಕಿ. ತೊದಲುವ ಮಕ್ಕಳು, ಲಕ್ವಾ ಹೊಡೆದು ಮಾತು ಕಳೆದುಕೊಂಡವರು ನನ್ನಲ್ಲಿಗೆ ಬರುತ್ತಾರೆ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳ ಸಣ್ಣ ದವಾಖಾನೆಗಳಲ್ಲಿ ವಾರವನ್ನು ಹಂಚಿಕೊಂಡು ಕೂರುತ್ತೇನೆ. ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಹೇಳಿದರೂ ಹೆಂಗಸರಿಗೆಲ್ಲ ನಾನು ಡಾಕ್ಟರ್ ಬಾಯಿಯೇ.

ಮಾಸ್ತರರು ನನಗೆ ಹೊಸಬರಲ್ಲ. ಅವರು ಗಜೇಂದ್ರಗಡದ ನೇಕಾರರು. ಜನ ಅವರನ್ನು ಮಾಸ್ತರ್ ಎನ್ನುವುದು ಸಾಲಿ ಕಲಿಸಿದ್ದಕ್ಕಲ್ಲ, ನಾಟಕ ಕಲಿಸಿದ್ದಕ್ಕೆ. ಮುಶಿಗೇರಿ, ಶಿರೋಳ, ಮೆಣಸಗಿ ಹೀಗೆ ಹಬ್ಬ ಬಂದರೆ ನಾಟಕ ಆಡುವ ಊರುಗಳಿಗೆಲ್ಲ ಹೋಗಿ ತಾಲೀಮು ಕೊಡುತ್ತಿದ್ದರು. ಊರಿನವರಿಗೆ ನಾಯಕನ ಪಾತ್ರ ಬಿಟ್ಟುಕೊಟ್ಟು, ಖಳನಾಯಕ ಗೌಡನ ಪಾತ್ರವನ್ನು ತಾವೇ ಮಾಡುತ್ತಿದ್ದರು. ಚಿಕ್ಕವಳಿದ್ದಾಗ ಅವರ ಗೌಡನ ನಗು ಕೇಳಿ ನಾನು ಅವ್ವನ ಸೆರಗಿನೊಳಗೆ ಮುಖ ಹುದುಗಿಸಿದ್ದುಂಟು. ಅದೇ ಮನುಷ್ಯನ ಮಾತು ಈಗ ಮೇಜು ದಾಟುತ್ತಿರಲಿಲ್ಲ.

ಹುಬ್ಬಳ್ಳಿಯ ನರರೋಗ ತಜ್ಞರು ಪಾರ್ಕಿನ್ಸನ್ಸ್ ಎಂದು ಗುರುತಿಸಿ ಗುಳಿಗೆ ಶುರು ಮಾಡಿದ್ದರು. ದನಿಗೆ ಅಭ್ಯಾಸ ಬೇಕು ಎಂದು ಚೀಟಿಯಲ್ಲಿ ಬರೆದು ನನ್ನಲ್ಲಿಗೆ ಕಳಿಸಿದ್ದರು. ಮನೆಯವರಿಗೆ ಅರ್ಥವಾಗಿದ್ದು ಕೈ ನಡುಗುವ ರೋಗ ಎಂದಷ್ಟೇ. ಮುಖದ ಸ್ನಾಯು ಬಿಗಿಯುವುದೂ ದನಿ ಕುಸಿಯುವುದೂ ಅದೇ ರೋಗದ ಲಕ್ಷಣ ಎಂದು ನಾನು ಹೇಳಿದಾಗ ಅವರ ಹೆಂಡತಿ ಗಂಡನ ಕಡೆಗೆ ತಿರುಗಿ ಕೂತರು.

"ಅಂದ್ರ ನನ್ನ ಮ್ಯಾಲ ಖರೇನ ಸಿಟ್ಟಿಲ್ಲ?"

ಮಾಸ್ತರರು ಮತ್ತೆ ತುಟಿ ಆಡಿಸಿದರು. ಈ ಸಲ ನಾನು ಬಗ್ಗಿ ಕೇಳಿದೆ. "ವರ್ಷಾತು... ಅದನ್ನ ಹೇಳಾಕತ್ತೀನಿ."

ಅವರಿಗೆ ಬೇಕಾಗಿದ್ದು ಒಂದೇ. ದೀಪಾವಳಿ ಪಾಡ್ಯಕ್ಕೆ ಮುಶಿಗೇರಿಯಲ್ಲಿ ನಾಟಕವಿತ್ತು. ಹಬ್ಬಕ್ಕೆ ಇನ್ನೂ ಎರಡು ತಿಂಗಳಿತ್ತು. ಗೌಡನ ಪಾತ್ರ ಈ ವರ್ಷ ಬೇರೆಯವರಿಗೆ ಹೋಗುವ ಸುಳಿವು ಸಿಕ್ಕಿತ್ತು. "ಒಂದ ಸಲ... ಗೌಡನ ಪಾತ್ರ... ಎಲ್ಲಾರಿಗೂ ಕೇಳಸೂವಂಗ," ಎಂದರು. ಆಗುತ್ತದೆ ಎಂದು ನಾನು ಮಾತು ಕೊಡಲಿಲ್ಲ. ಶುರು ಮಾಡೋಣ ಎಂದೆ.

ಏಕೆ ಹೀಗಾಯಿತು ಎಂದು ಅವರ ಹೆಂಡತಿ ಕೇಳಿದರು. ಮಗ್ಗದ ಮನೆಯವರಿಗೆ ಹೇಳುವುದು ಸುಲಭ ಎಂದುಕೊಂಡೆ. "ಮಿದುಳಿನ ನರಕೋಶದಾಗ ಪ್ರೋಟೀನ್ ಅಂತ ಇರತಾವ್ರಿ ಅವ್ವಾರ, ಸಣ್ಣ ಎಳಿ ಇದ್ದಂಗ. ಅದರಾಗ ಒಂದ ಜಾತಿ ಪ್ರೋಟೀನ್ ತಪ್ಪ ಮಡಚ್ಕೊಂಡು, ಒಂದಕ್ಕೊಂದು ಅಂಟಿ, ಗಂಟ ಆಗೇತಿ. ಗಂಟ ತುಂಬಿದ ಕೋಶ ನಿಧಾನಕ್ಕ ಸಾಯ್ತಾವು."

"ಎಳಿ ಗಂಟ ಬಿದ್ರ ಬಿಡಸಬಹುದಲ್ರಿ. ನಾ ದಿನಾ ಬಿಡಸ್ತೀನಿ."

"ಈ ಗಂಟ ಬಿಡಸೂದು ಇನ್ನೂ ಯಾರಿಗೂ ಗೊತ್ತಿಲ್ರಿ. ಆದ್ರ ಉಳಿದ ಕೋಶದಿಂದ ಎಷ್ಟ ಕೆಲಸಾ ತಗೀಬಹುದೋ ಅಷ್ಟ ತಗೀಬಹುದು."

ಅವರು ತಲೆಯಾಡಿಸಿದರು. ವಿಷಯ ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ.

ಅಭ್ಯಾಸದ ಕ್ರಮ ನೋಡುವುದಕ್ಕೆ ಬಹಳ ಸರಳ. ಮೊದಲು ಉಸಿರು ತುಂಬಿಕೊಂಡು "ಆ" ಎಂದು ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ಗಟ್ಟಿಯಾಗಿ ಹಿಡಿಯಬೇಕು. ಆಮೇಲೆ ಅದೇ "ಆ"ವನ್ನು ಕೆಳಗಿನ ಸ್ವರದಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಆಮೇಲೆ ದಿನನಿತ್ಯ ಆಡುವ ಕೆಲವು ಮಾತುಗಳನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು. ಮಾಸ್ತರರು ತಮ್ಮ ಮಾತುಗಳನ್ನು ತಾವೇ ಆರಿಸಿದರು: "ಚಹಾ ತಾ", "ಯಾರದು ಬಾಗಲದಾಗ?", "ಲಗೂ ಬರ್ರಿ, ತಾಲೀಮಿಗೆ ತಡ ಆತು". ಮೇಜಿನ ಮೇಲೆ ನನ್ನ ಮೊಬೈಲ್. ಅದರಲ್ಲಿ ದನಿಯ ಮಟ್ಟ ತೋರಿಸುವ ಒಂದು ಮುಳ್ಳು. ಮುಳ್ಳು ಹಸಿರು ಗೆರೆ ದಾಟಬೇಕು.

ಮೊದಲ ವಾರದಲ್ಲೇ "ಆ" ಹಸಿರು ಗೆರೆ ದಾಟಿತು. ಆದರೆ ಕೋಣೆಯಿಂದ ಹೊರಬಿದ್ದ ಕೂಡಲೇ ದನಿ ಮತ್ತೆ ಹೊಟ್ಟೆಗೆ ಇಳಿಯುತ್ತಿತ್ತು. ಕಾರಣ ತಿಳಿಯದ್ದೇನಲ್ಲ. ಈ ರೋಗದಲ್ಲಿ ದನಿಯ ಜೊತೆಗೆ ದನಿಯ ಅಂದಾಜೂ ಕೆಡುತ್ತದೆ. ಪಿಸುಗುಟ್ಟುತ್ತಿರುವವರಿಗೆ ತಾವು ಸರಿಯಾಗಿಯೇ ಮಾತಾಡುತ್ತಿದ್ದೇವೆ ಅನಿಸುತ್ತದೆ. ಸರಿಯಾದ ದನಿಯಲ್ಲಿ ಮಾತಾಡಿದರೆ ಕಿರುಚುತ್ತಿದ್ದೇವೆ ಅನಿಸಿ ನಾಚಿಕೆಯಾಗುತ್ತದೆ.

"ನಾ ಒದರಾಕತ್ತೀನಿ ಅನಸ್ತೈತ್ರಿ ಮೇಡಂ. ಮಂದಿ ಏನಂದಾರು?"

ನಾನು ಧ್ವನಿಮುದ್ರಣ ಹಾಕಿ ಕೇಳಿಸಿದೆ. ಅವರು ಎರಡೆರಡು ಸಲ ಕೇಳಿದರು. ಅದು ತಮ್ಮ ದನಿ ಎಂದು ಒಪ್ಪಿದರು, ಒದರಿದಂತಿಲ್ಲ ಎಂದೂ ಒಪ್ಪಿದರು. ಮರುದಿನ ಮನೆಯಲ್ಲಿ ಮತ್ತೆ ಅದೇ ಪಿಸುಮಾತು.

ಹಾಗಾಗಿ ಅವರ ಮನೆಗೇ ಹೋದೆ. ಓಣಿಯ ತುದಿಗಿರುವಾಗಲೇ ಮಗ್ಗಗಳ ಸದ್ದು. ಒಳಗೆ ಅವರ ಹೆಂಡತಿ ಕುಣಿಮಗ್ಗದಲ್ಲಿ ಕೂತು ಕೆಂಪು ಸೀರೆ ನೇಯುತ್ತಿದ್ದರು. ಲಾಳಿ ಆ ಕಡೆಗೂ ಈ ಕಡೆಗೂ ಖಟ್ ಖಟ್ ಎಂದು ಓಡುತ್ತಿತ್ತು. ಮಾಸ್ತರರು ನನ್ನನ್ನು ನೋಡಿ, "ಬರ್ರಿ, ಕುಂದರ್ರಿ," ಎಂದರು. ನನಗೆ ಸ್ಪಷ್ಟವಾಗಿ ಕೇಳಿಸಿತು! ಸುತ್ತ ಗದ್ದಲವಿದ್ದರೆ ಯಾರದೇ ದನಿಯಾದರೂ ತಂತಾನೇ ಏರುತ್ತದೆ ಎಂದು ಓದಿದ್ದೆ. ಇಲ್ಲಿ ಅದು ಕಣ್ಣೆದುರೇ ನಡೆಯುತ್ತಿತ್ತು. ನಿಶ್ಶಬ್ದ ಕೋಣೆಯ ಪಾಠ ಅಂದಿಗೆ ಮುಗಿಯಿತು. ಮಗ್ಗದ ಪಕ್ಕದಲ್ಲೇ ಅಭ್ಯಾಸ ಶುರುವಾಯಿತು. ದನಿ ಏರಿದ ಹೊತ್ತಿಗೆ ನಾನು ಕೈಸನ್ನೆ ಮಾಡಿದರೆ ಅವರ ಹೆಂಡತಿ ಲಾಳಿ ನಿಲ್ಲಿಸುತ್ತಿದ್ದರು. ಸದ್ದು ನಿಂತರೂ ದನಿ ಇಳಿಸದೆ ಮಾತು ಮುಗಿಸಬೇಕು. ಮೊದಮೊದಲು ಲಾಳಿಯ ಜೊತೆಗೇ ದನಿಯೂ ನಿಲ್ಲುತ್ತಿತ್ತು. ಬರಬರುತ್ತ ಒಂದು ಮಾತು ಪೂರ್ತಿ ಉಳಿಯಿತು, ಆಮೇಲೆ ಎರಡು.

ಹೀಗೆ ಹಿಡಿತಕ್ಕೆ ಬಂತು ಎನ್ನುವಾಗಲೇ ಎಲ್ಲ ಕೆಟ್ಟಿತು. ಮಾಸ್ತರರು ಸೊರಗತೊಡಗಿದರು. ಅಂಗಿ ಜೋತಾಡುತ್ತಿತ್ತು. "ಆ" ಎಂದರೆ ಅರ್ಧಕ್ಕೇ ಉಸಿರು ಮುಗಿಯುತ್ತಿತ್ತು. ರೋಗ ಇಷ್ಟು ವೇಗವಾಗಿ ಏರುವುದಿಲ್ಲ. ಏನು ಊಟ ಮಾಡಿದಿರಿ ಎಂದು ಕೇಳಿದೆ.

"ಅನ್ನ, ತಿಳಿಸಾರು," ಎಂದರು ಮಾಸ್ತರರು.

"ನಿನ್ನೆ?"

"ಅನ್ನ, ತಿಳಿಸಾರು."

ರೊಟ್ಟಿಯ ಜೊತೆ ಶೇಂಗಾ ಹಿಂಡಿಯ ಪುಡಿ, ಹೆಸರುಕಾಳು ಪಲ್ಯ, ಗಟ್ಟಿ ಮೊಸರು ಇಲ್ಲದೆ ಈ ಸೀಮೆಯಲ್ಲಿ ಊಟವೇ ಇಲ್ಲ. ನಾನು ಅವರ ಹೆಂಡತಿಯ ಮುಖ ನೋಡಿದೆ.

"ನೀವ ಹೇಳಿದ್ರೆಲ್ರಿ," ಎಂದರು ಅವರು ಹೆಮ್ಮೆಯಿಂದಲೇ, "ಪ್ರೋಟೀನ್ ಗಂಟ ಆಗೇತಿ ಅಂತ. ಅಂಗನವಾಡಿ ಗ್ವಾಡಿ ಮ್ಯಾಲ ಬರದಾರ, ಬ್ಯಾಳಿ, ಶೇಂಗಾ, ಹಾಲಿನ್ಯಾಗ ಪ್ರೋಟೀನ್ ಐತಿ ಅಂತ. ಎಲ್ಲಾ ಬಂದ್ ಮಾಡೀನಿ. ಹೊಸಾದ ಹೋಗ್ಲಿಲ್ಲಂದ್ರ ಹಳೀ ಗಂಟ ಕರಗಬಹುದು ಅಂತ."

ನಗು ಬಂತು, ತಪ್ಪು ನನ್ನ ವಿವರಣೆಯದೇ ಎಂದೂ ತಿಳಿಯಿತು. ಕೂತು ಮತ್ತೆ ಹೇಳಿದೆ. ತಿಂದ ಬೇಳೆಯ ಪ್ರೋಟೀನ್ ಹಾಗೇ ಮಿದುಳಿಗೆ ಹೋಗುವುದಿಲ್ಲ. ಹೊಟ್ಟೆ ಅದನ್ನು ಚೂರು ಚೂರು ಮಾಡುತ್ತದೆ, ಆ ಚೂರುಗಳಿಂದ ಮೈ ತನಗೆ ಬೇಕಾದದ್ದನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮಿದುಳಿನಲ್ಲಿ ಗಂಟಾಗುವ ಪ್ರೋಟೀನ್ ನರಕೋಶ ತಾನೇ ತಯಾರಿಸಿಕೊಂಡದ್ದು. ಅದು ಎಲ್ಲರ ತಲೆಯಲ್ಲೂ ಇದೆ, ನನ್ನ ತಲೆಯಲ್ಲೂ ಇದೆ. ಬೇಳೆ ಬಿಟ್ಟರೆ ಗಂಟು ಕರಗುವುದಿಲ್ಲ, ಮನುಷ್ಯ ಕರಗುತ್ತಾನೆ.

"ಅಯ್ಯ ನನ್ನ," ಎಂದು ಅವರು ಎದ್ದು ಅಡುಗೆಮನೆಗೆ ಹೋದರು. ಹಿಂಡಿಯ ಡಬ್ಬಿ ಮೇಲಿನ ಹಲಗೆಯಿಂದ ಇಳಿದ ಸದ್ದು ಕೇಳಿಸಿತು. ಮಾಸ್ತರರ ಮುಖ ಎಂದಿನಂತೆ ಕಲ್ಲು. ಆದರೆ ಅಂದಿನ ಅತ್ಯಂತ ಗಟ್ಟಿ ಮಾತು ಆಗ ಬಂತು: "ಮೊಸರೂ ತಾ!"

ಹುಬ್ಬಳ್ಳಿಯ ವೈದ್ಯರಿಗೆ ಫೋನ್ ಮಾಡಿದೆ. ಅವರು ಬಹಳ ಹೊತ್ತು ನಕ್ಕು, ಆಮೇಲೆ ಕೆಲಸದ ಮಾತೊಂದು ಹೇಳಿದರು. ಊಟದ ಪ್ರೋಟೀನ್ ಗಂಟಿಗೆ ಕಾರಣವಲ್ಲ, ಆದರೆ ಗುಳಿಗೆಗೆ ಅಡ್ಡ ಬರುತ್ತದೆ. ಗುಳಿಗೆಯಲ್ಲಿರುವ ಮದ್ದೂ ಪ್ರೋಟೀನಿನ ಚೂರುಗಳೂ ಕರುಳಿನಿಂದ ರಕ್ತಕ್ಕೆ ಹೋಗುವ ದಾರಿ ಒಂದೇ. ಹಾಗಾಗಿ ಗುಳಿಗೆಯನ್ನು ಊಟಕ್ಕೆ ಮುಂಚೆ, ಸಾಕಷ್ಟು ಅಂತರ ಬಿಟ್ಟು ತೆಗೆದುಕೊಳ್ಳಬೇಕು. ನಾನು ಇದನ್ನು ಅವರ ಹೆಂಡತಿಗೆ ರೋಣದ ಬಸ್ ಸ್ಟ್ಯಾಂಡಿನ ರೀತಿಯಲ್ಲಿ ಹೇಳಿದೆ: "ಗುಳಿಗಿ ಮೊದಲ ಬಸ್ ಹತ್ತಿ ಸೀಟ್ ಹಿಡೀಲಿ. ಆಮ್ಯಾಲ ಶೇಂಗಾ ಹತ್ಲಿ. ಇಬ್ರೂ ಕೂಡಿ ಬಾಗಲದಾಗ ನುಗ್ಗಿದ್ರ ಗುಳಿಗಿ ಕೆಳಗ ಉಳೀತೈತಿ." ಈ ಸಲ ವಿವರಣೆ ಹಾದಿ ತಪ್ಪಲಿಲ್ಲ. ಎರಡು ವಾರದಲ್ಲಿ ಮೈಯೂ ಬಂತು, ಉಸಿರೂ ಬಂತು.

ಅಷ್ಟರಲ್ಲಿ ಮುಶಿಗೇರಿಯಲ್ಲಿ ತಾಲೀಮು ಶುರುವಾಗಿತ್ತು. ಮಾಸ್ತರರು ಅಲ್ಲಿ ಯಾರಿಗೂ ರೋಗದ ವಿಷಯ ಹೇಳಿರಲಿಲ್ಲ. ಹೇಳಿದರೆ ಪಾತ್ರ ಹೋಗುತ್ತದೆಂಬ ಭಯ. ಒಂದು ದಿನ ಅವರು ಹಾಸಿಗೆಯಿಂದ ಏಳಲಿಲ್ಲ, ಅಭ್ಯಾಸವೂ ಬೇಡ ಎಂದರು. ಹೆಂಡತಿ ಕಾರಣ ಹೇಳಿದರು. ನಡಿಗೆ ತೂಗುತ್ತದೆ, ಮಾತು ತೊಡರುತ್ತದೆ, ಮಾಸ್ತರ್ ಕುಡಿಯಲು ಹತ್ತಿದ್ದಾರೆ ಎಂದು ತಂಡದಲ್ಲಿ ಯಾರೋ ಆಡಿಕೊಂಡಿದ್ದರು. ಜೀವನದಲ್ಲಿ ಚಹಾ ಬಿಟ್ಟು ಬೇರೆ ಮುಟ್ಟದ ಮನುಷ್ಯ.

ನಾನು ಹಾಸಿಗೆಯ ಹತ್ತಿರ ಕೂತೆ. ಅವರೇ ಎದ್ದು ಕೂತರು.

"ಕುಡುಕ ಅನ್ನಿಸ್ಕೊಳ್ಳೂದಕ್ಕಿಂತ ರೋಗಿ ಅನ್ನಿಸ್ಕೊಂಡದ್ದ ಚಲೋ," ಎಂದರು. "ಹೇಳೂನ್ರಿ ಮೇಡಂ. ನೀವು ಬರ್ರಿ."

"ಬರ್ತೀನಿ. ಏನ ಹೇಳ್ಲಿ?"

"ಹೇಳಬ್ಯಾಡ್ರಿ. ನಾಟಕದ ಮಂದಿಗೆ ಹೇಳಿದ್ರ ತಿಳಿಯೂದಿಲ್ಲ. ಆಡಿ ತೋರಸ್ರಿ."

ಭಾನುವಾರ ಮಧ್ಯಾಹ್ನ ಮುಶಿಗೇರಿಯ ಸಮುದಾಯ ಭವನದಲ್ಲಿ ಹದಿನೈದು ಮಂದಿ ಸೇರಿದ್ದರು. ಹೊಲಗೆಲಸದವರು, ಗೋವಾದ ಕಟ್ಟಡ ಕೆಲಸದಿಂದ ಹಬ್ಬಕ್ಕೆಂದು ಮುಂಚೆಯೇ ಬಂದವರು, ಗದಗಿನ ಕಡೆಯಿಂದ ಕರೆಸಿದ ನಾಯಕಿ ಪಾತ್ರದ ನಟಿ. ತಂಡದ ಮ್ಯಾನೇಜರ್ ಒಬ್ಬ ಟ್ರ್ಯಾಕ್ಟರ್ ಚಾಲಕ, ದೊಡ್ಡ ಮೀಸೆಯವ. ನಾಟಕದ ರಂಗದಂತೆಯೇ ಎರಡೂ ಬದಿಗೆ ಸೀರೆ ಕಟ್ಟಿ ವಿಂಗ್ ಮಾಡಿದ್ದರು, ಹಿಂದೆ ಬಣ್ಣದ ಪರದೆ. ಮಕ್ಕಳಿಗೆ ಕಲಿಸುವುದು ಬೇರೆ, ಮೀಸೆಯವರಿಗೆ ಆಟ ಆಡಿಸುವುದು ಬೇರೆ.

"ಈ ಸ್ಟೇಜ್ ಅಂದ್ರ ಮಾಸ್ತರ್ ತಲ್ಯಾಗಿನ ಒಂದ ನರಕೋಶ," ಎಂದೆ. "ಹಿಂದ ಚಹಾ ತಯಾರಾಗತೈತಿ. ಚಹಾ ಅಂದ್ರ ಡೋಪಮೈನ್ ಅನ್ನೂ ರಸ. ಆ ಚಹಾ ವಿಂಗ್ ದಾಟಿ ಮುಂದ ಬಂದ್ರ ಅಷ್ಟ ಈ ಗೌಡ ಕೈ ಎತ್ತತಾನ, ಮಾತಾಡತಾನ." ಗೌಡನಾಗಿ ಮ್ಯಾನೇಜರರನ್ನೇ ನಿಲ್ಲಿಸಿದೆ. ಉಳಿದವರು ಖಾಲಿ ಚಹಾ ಕಪ್ಪು ಹಿಡಿದು ವಿಂಗಿನಲ್ಲಿ ಓಡಾಡಿದರು. ಕಪ್ಪು ಬಂದಾಗಲೆಲ್ಲ ಮ್ಯಾನೇಜರ್ ಕೈ ಎತ್ತಿ ಒಂದು ಡೈಲಾಗು ಹೊಡೆದರು.

"ಚಹಾ ಒಯ್ಯೂ ಈ ಮಂದೀನ ಪ್ರೋಟೀನ್. ಮೈ ಸಡಿಲ ಬಿಟ್ಕೊಂಡು ಓಡ್ಯಾಡಿದ್ರ ಕೆಲಸಾ. ಈಗ ನೋಡ್ರಿ." ಹಾಸ್ಯಪಾತ್ರದವನನ್ನು ವಿಂಗಿನ ನಡುವೆ ತಡೆದು, ಕೈ ತಿರುಚಿ, ಬಗ್ಗಿಸಿ ನಿಲ್ಲಿಸಿದೆ. "ಇವನೊಬ್ಬ ತಪ್ಪ ಮಡಚ್ಕೊಂಡಾನ. ಯಾಕಂತ ಯಾರಿಗೂ ಪೂರಾ ತಿಳಿದಿಲ್ಲ. ಇವನ್ನ ಮುಟ್ಟಿದವರೆಲ್ಲಾ ಇವನಂಗ ಮಡಚಬೇಕು, ಇವನಿಗೆ ಅಂಟಬೇಕು, ಬಿಡಬಾರದು."

ಮುಂದಿನದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಒಬ್ಬ ಅಂಟಿದ, ಇನ್ನೊಬ್ಬ ಅಂಟಿದ. ವಿಂಗ್ ಕಟ್ಟಿಕೊಂಡಿತು. ಹಿಂದಿನ ಕಪ್ಪುಗಳು ಹಿಂದೆಯೇ ಉಳಿದವು. ಕಸ ಗುಡಿಸಲೆಂದು ನಾನು ಕಸಬರಿಗೆ ಕೊಟ್ಟು ನಿಲ್ಲಿಸಿದ್ದವನೂ ಅದರಲ್ಲೇ ಸಿಕ್ಕಿಬಿದ್ದ. "ಹೌದು, ಕೋಶದ ಕಸ ತಗ್ಯೂ ವ್ಯವಸ್ಥಾನೂ ಹಿಂಗ ನಿಲ್ಲತೈತಿ," ಎಂದೆ. ಗುಂಪು ತೂರಾಡಿ ಲೈಟಿನ ವೈರಿಗೆ ತಾಗಿತು, ದೀಪ ಆರಿತು. "ಕೋಶಕ್ಕ ಶಕ್ತಿ ಕೊಡೂ ಯಂತ್ರಾನೂ ಕೆಡತೈತಿ." ಗುಂಪು ಇನ್ನೂ ತೂರಾಡಿ ಬಣ್ಣದ ಪರದೆಗೆ ಬಿತ್ತು. ಪರದೆ ಚರ್ ಎಂದು ಹರಿಯಿತು. ಇದನ್ನು ನಾನು ಯೋಜಿಸಿರಲಿಲ್ಲ.

"ಏ, ಪಡದೆ ಹರೀತಲೇ!" ಎಂದು ಮ್ಯಾನೇಜರ್ ಕೂಗಿದರು.

"ಅದು ಕೋಶದ ಪೊರೀರಿ," ಎಂದೆ ಧೈರ್ಯ ಮಾಡಿ. "ಸಣ್ಣ ಸಣ್ಣ ಗುಂಪ ಅದರಾಗ ತೂತ ಮಾಡತಾವು ಅಂತ ತಿಳಿದವರು ಹೇಳತಾರ. ತೂತಿನ್ಯಾಗಿಂದ ಒಂದ ಗುಂಪ ಮಗ್ಗಲ ಕೋಶಕ್ಕ ಹೋತಂದ್ರ ಅಲ್ಲೂ ಇದ ಆಟ."

ಹರಿದ ಪರದೆಯಿಂದ ಹಾಸ್ಯಪಾತ್ರದವನ ತಲೆ ಹೊರಗೆ ಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವಿನ ನಡುವೆ ಮ್ಯಾನೇಜರ್ ರಂಗದ ಮುಂದೆ ಕೈ ಇಳಿಬಿಟ್ಟು ನಿಂತೇ ಇದ್ದರು. ಅವರಿಗೆ ಚಹಾ ಬಂದಿರಲಿಲ್ಲ. ನಗು ನಿಧಾನಕ್ಕೆ ನಿಂತಿತು. ಎಲ್ಲರ ಕಣ್ಣೂ ಅವರ ಮೇಲೆ ಹೋಯಿತು, ಆಮೇಲೆ ಮೂಲೆಯ ಕುರ್ಚಿಯಲ್ಲಿ ಅದೇ ರೀತಿ ಕೈ ಇಳಿಬಿಟ್ಟು ಕೂತಿದ್ದ ಮಾಸ್ತರರ ಮೇಲೆ.

"ಔಷಧ ಇಲ್ಲೇನ್ರಿ?" ಎಂದು ನಟಿ ಕೇಳಿದರು.

"ಗುಂಪ ಬಿಡಸೂದಕ್ಕ ಇನ್ನೂ ಇಲ್ರಿ, ಹುಡುಕಾಕತ್ತಾರ. ಗುಳಿಗಿ ಅಂದ್ರ ಚಹಾ ಹೊರಗಿಂದ ತಂದ ಕೊಟ್ಟಂಗ. ಉಳಿದದ್ದು ಮಾಸ್ತರ್ ಅಭ್ಯಾಸ."

ಮಾಸ್ತರರು ಏನೋ ಹೇಳಿದರು. ಯಾರಿಗೂ ಕೇಳಿಸಲಿಲ್ಲ. ಮ್ಯಾನೇಜರ್, "ಏನಂದ್ರಿ ಮಾಸ್ತರ್?" ಎಂದು ಹತ್ತಿರ ಹೋಗಲು ಹೆಜ್ಜೆ ಎತ್ತಿದರು. ಮಾಸ್ತರರು ಕೈ ಅಡ್ಡ ಹಿಡಿದು ತಡೆದು, ಕುರ್ಚಿಯ ಹಿಡಿ ಒತ್ತಿ ಎದ್ದು ನಿಂತರು. ಉಸಿರು ತುಂಬಿಕೊಂಡರು. ಅಭ್ಯಾಸದಲ್ಲಿ ನಾನು ಎಣಿಸುತ್ತಿದ್ದ ಆ ಉಸಿರು.

"ನನ್ನ ತಲ್ಯಾಗ ಇಷ್ಟ ಗದ್ಲ ಇದ್ದ ಮ್ಯಾಲ, ನಿಮ್ಮ ಗದ್ಲ ನನಗ್ಯಾವ ಲೆಕ್ಕಲೇ! ನಡೀರಿ, ಮೊದಲನೇ ಅಂಕಾ!"

ಭವನದ ಹೊರಗೆ ಮಲಗಿದ್ದ ನಾಯಿ ಎದ್ದು ಹೋಯಿತು. ಮ್ಯಾನೇಜರ್ ಮಾಸ್ತರರ ಕಾಲು ಮುಟ್ಟಿ, "ಕುಡದಾರ ಅಂದಾವ ನಾನ ರೀ," ಎಂದರು. ಮಾಸ್ತರರು ಅವರ ಕೈಗೆ ನಾಟಕದ ಪ್ರತಿ ಕೊಟ್ಟು ಮೊದಲ ಪುಟ ತೋರಿಸಿದರು.

ಪಾತ್ರ ಉಳಿಯಿತು. ಕೆಲಸ ಈಗ ಇಡೀ ತಂಡದ್ದಾಯಿತು. ಊರ ನಾಟಕ ರಾತ್ರಿ ಊಟ ಆದ ಮೇಲೆ ಶುರುವಾಗಿ ಬೆಳಗಿನವರೆಗೆ ನಡೆಯುವುದು ರೂಢಿ. ಆ ಹೊತ್ತಿಗೆ ಮಾಸ್ತರರ ಮೈ ಸಂಪೂರ್ಣ ಬಿಗಿದಿರುತ್ತದೆ. ಸಂಜೆಯ ಗುಳಿಗೆ ಹಿಡಿದ ಹೊತ್ತಿಗೆ ಪರದೆ ಏಳಬೇಕು ಎಂದೆ.

"ಸಂಜೀಕ ಯಾರ ಬರತಾರ್ರಿ? ಹಾಲ ಹಿಂಡೂ ಹೊತ್ತು," ಎಂದರು ಮ್ಯಾನೇಜರ್. ಕೊನೆಗೆ ಅವರೇ ಟ್ರ್ಯಾಕ್ಟರಿಗೆ ಮೈಕ್ ಕಟ್ಟಿ ಊರೂರು ಸುತ್ತಿ ಸಾರಿದರು: "ಈ ಸಲ ನಾಟಕ ಹೇಳಿದ ಟೈಮಿಗೇ ಶುರು!" ಜನಕ್ಕೆ ಅದೇ ದೊಡ್ಡ ಸುದ್ದಿಯಾಯಿತು.

ವಿಂಗ್ ಇನ್ನೊಂದು ಸಮಸ್ಯೆ. ಇಕ್ಕಟ್ಟಾದ ಜಾಗ ಬಂದರೆ ಈ ರೋಗದವರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಆದರೆ ಎದುರಿಗೆ ದಾಟಲು ಒಂದು ಗೆರೆ ಕಂಡರೆ ಹೆಜ್ಜೆ ಏಳುತ್ತದೆ. ವಿಂಗಿನುದ್ದಕ್ಕೂ ನೆಲದ ಮೇಲೆ ಬಿಳಿ ಪಟ್ಟಿ ಅಡ್ಡಡ್ಡ ಅಂಟಿಸಿದೆ. ಮುಖಕ್ಕೆ ಮಾತ್ರ ನನ್ನಲ್ಲಿ ಉಪಾಯವಿರಲಿಲ್ಲ. ಅಭ್ಯಾಸ ಕೊಟ್ಟೆ, ಹೆಚ್ಚು ಫಲ ಸಿಗಲಿಲ್ಲ. ಅದನ್ನು ಮಾಸ್ತರರೇ ಬಗೆಹರಿಸಿದರು. "ಗೌಡ ಸಿಟ್ಟಿಗೆದ್ದಾಗ ಮಾರಿ ಕಿವಿಚೂದು ಬ್ಯಾಡ. ಸುಮ್ನ ನೋಡ್ತಾನ. ಅಷ್ಟ ಸಾಕು."

ಪಾಡ್ಯದ ಸಂಜೆ ಜನ ಕಿಕ್ಕಿರಿದಿದ್ದರು. ಹೇಳಿದ ಹೊತ್ತಿಗೇ ಪರದೆ ಎದ್ದದ್ದಕ್ಕೆ ಮೊದಲ ಚಪ್ಪಾಳೆ. ನಾನು ವಿಂಗಿನಲ್ಲಿ ಗುಳಿಗೆಯ ಡಬ್ಬಿ, ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಅವರ ಹೆಂಡತಿ ಮುಂದಿನ ಸಾಲಿನಲ್ಲಿದ್ದರು. ಮಾಸ್ತರರು ಬಿಳಿ ಪಟ್ಟಿಗಳನ್ನು ಒಂದೊಂದಾಗಿ ದಾಟಿ ರಂಗಕ್ಕೆ ಹೋದರು. ಹೋಗಿ ನಿಂತು, ಸುಮ್ಮನೆ ಜನರ ಕಡೆ ನೋಡಿದರು. ಆ ಅಲುಗದ ಮುಖ, ಮಿಟುಕದ ಕಣ್ಣು! ಮುಂದೆ ಕೂತಿದ್ದ ಮಕ್ಕಳು ಹಿಂದಕ್ಕೆ ಸರಿದರು. ಒಂದು ಕೂಸು ಅಳಲು ಶುರು ಮಾಡಿತು. ಆಮೇಲೆ ನಗು ಬಂತು. ಹಳೆಯ ನಗುವಿನಷ್ಟು ಉದ್ದವಿರಲಿಲ್ಲ, ನಡುವೆ ಒಡೆಯಿತು, ಆದರೆ ಕೊನೆಯ ಸಾಲಿನ ಆಚೆ ಚಕ್ಕಡಿ ಮೇಲೆ ಕೂತವರೂ "ಬಂದ ನೋಡ್ರಿ ಗೌಡ!" ಎಂದರು.

ಮಧ್ಯಂತರದಲ್ಲಿ ಇನ್ನೊಂದು ಗುಳಿಗೆ. ಯಾರೋ ಪ್ರೀತಿಯಿಂದ ಶೇಂಗಾ ಉಂಡಿ ತಂದರು. ಮ್ಯಾನೇಜರ್ ಅದನ್ನು ಕಸಿದುಕೊಂಡು, "ಆಮ್ಯಾಲ, ಆಮ್ಯಾಲ! ಇನ್ನೂ ಗುಳಿಗಿ ಸೀಟ್ ಹಿಡದಿಲ್ಲ," ಎಂದರು. ಆ ಮಾತು ಅವರವರೆಗೂ ಹೋಗಿತ್ತು.

ಕೊನೆಯ ಅಂಕದಲ್ಲಿ ನಾನು ಹೆದರಿದ್ದೇ ಆಯಿತು. ನಾಯಕಿ ಗೌಡನನ್ನು ಎದುರಿಸುವ ದೃಶ್ಯ. ಗೌಡ ಬೆದರಿಸಬೇಕು. ಮಾಸ್ತರರು ಬಾಯಿ ತೆರೆದರು, ದನಿ ಅರ್ಧದಲ್ಲಿ ಕುಸಿಯಿತು. ತುಟಿ ಆಡುತ್ತಿದೆ, ಮಾತಿಲ್ಲ. ಮೈಕ್ ಇದ್ದರೂ ಕೇಳಿಸುತ್ತಿಲ್ಲ. ಜನರಲ್ಲಿ ಗುಸುಗುಸು. ನಾನು ವಿಂಗಿನಿಂದ ಉಸಿರು ತುಂಬಿಕೊಳ್ಳುವ ಸನ್ನೆ ಮಾಡಿದೆ, ಅವರು ನನ್ನ ಕಡೆ ನೋಡುತ್ತಿರಲಿಲ್ಲ.

ನಟಿ ಒಂದು ಹೆಜ್ಜೆ ಮುಂದೆ ಬಂದು, ಸೊಂಟಕ್ಕೆ ಕೈ ಇಟ್ಟು, ಪ್ರತಿಯಲ್ಲಿ ಇಲ್ಲದ ಮಾತು ಹೇಳಿದರು. "ಏನಂದಿ ಗೌಡಾ? ನನಗ ಕೇಳಸಲಿಲ್ಲ! ಗಂಡಸಾದ್ರ ಊರಿಗೆಲ್ಲಾ ಕೇಳಸೂವಂಗ ಹೇಳು!"

ಜನ ಸಿಳ್ಳು ಹೊಡೆದರು. ಆ ಗದ್ದಲದಲ್ಲಿ ಮಾಸ್ತರರ ಎದೆ ಏರಿದ್ದು ನನಗೆ ಕಂಡಿತು. ಮುಂದಿನ ಡೈಲಾಗು ಹೇಗೆ ಬಂತೆಂದರೆ ಧ್ವನಿವರ್ಧಕ ಕೀಂ ಎಂದಿತು. ಮೈಕಿನವನು ಓಡಿ ಹೋಗಿ ಸೌಂಡು ಕಡಿಮೆ ಮಾಡಿದ. ಮಾಸ್ತರರ ದನಿಯನ್ನು ಯಾರಾದರೂ ಇಳಿಸಬೇಕಾಗಿ ಬರುತ್ತದೆ ಎಂದು ನಾನು ಎಂದೂ ಎಣಿಸಿರಲಿಲ್ಲ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ, ಗೌಡನಿಗೆ ನಾಯಕಿ ಛೀಮಾರಿ ಹಾಕುವಾಗ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ನಾಟಕ ಮುಗಿದ ಮೇಲೆ ಮಾಸ್ತರರು ಗೌಡನ ವೇಷದಲ್ಲೇ ಮೈಕಿನ ಮುಂದೆ ನಿಂತರು. ದಣಿದಿದ್ದರು, ಆದರೂ ಪ್ರತಿ ಮಾತಿಗೆ ಉಸಿರು ತುಂಬಿಕೊಂಡು ಹೇಳಿದರು. "ನನಗ ಪಾರ್ಕಿನ್ಸನ್ಸ್ ಅನ್ನೂ ರೋಗ ಐತಿ. ಸೊಕ್ಕಲ್ಲ, ಕುಡತಲ್ಲ. ನಿಮ್ಮ ಮನ್ಯಾಗೂ ಯಾರರ ಮಾರಿ ಬಿಗದಿದ್ರ, ದನಿ ಇಳದಿದ್ರ, ಸಿಟ್ಟಾಗ್ಯಾರ ಅನ್ಕೋಬ್ಯಾಡ್ರಿ. ದವಾಖಾನಿಗೆ ಕರ್ಕೊಂಡ ಹೋಗ್ರಿ."

ಇದರಿಂದ ಅವರ ತಲೆಯೊಳಗಿನ ಗಂಟು ಕರಗಲಿಲ್ಲ. ಅದು ಮುಂದೆಯೂ ಬೆಳೆಯುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅಭ್ಯಾಸ ಈಗಲೂ ನಡೆದಿದೆ, ಮಗ್ಗದ ಪಕ್ಕದಲ್ಲಿ. ನಮ್ಮ ಕೈಯಲ್ಲಿರುವುದು ಉಳಿದ ಕೋಶಗಳು, ಉಳಿದ ಉಸಿರು. ಅದಿಷ್ಟೂ ಕೆಲಸ ಮಾಡುವುದನ್ನು ಆ ಸಂಜೆ ಕಣ್ಣಾರೆ ಕಂಡೆ.

ಹಬ್ಬ ಕಳೆದ ಮೊದಲ ವಾರ ನರಗುಂದದ ದವಾಖಾನೆಯಲ್ಲಿ ಕೂತಿದ್ದೆ. ಒಬ್ಬ ರೈತ ತನ್ನ ತಾಯಿಯನ್ನು ಕರೆದುಕೊಂಡು ಬಂದ. "ಮುಶಿಗೇರಿ ಬೀಗರ ಮನಿಗೆ ಹಬ್ಬಕ್ಕ ಹೋಗಿದ್ವಿ, ನಾಟಕ ನೋಡಿದ್ವಿ," ಎಂದ. ತಾಯಿಯನ್ನು ಆಗಲೇ ಹುಬ್ಬಳ್ಳಿಗೆ ಒಯ್ದು ತೋರಿಸಿಕೊಂಡು ಬಂದಿದ್ದ. "ಸೊಸಿ ಮ್ಯಾಲ ಸಿಟ್ಟ ಮಾಡ್ಕೊಂಡ ಮಾತ ಬಿಟ್ಟಾಳ ಅಂತ ತಿಳಿದಿದ್ವಿ ನೋಡ್ರಿ." ಅಜ್ಜಿ ಕುರ್ಚಿಯ ತುದಿಗೆ ಕೂತು ತುಟಿ ಆಡಿಸಿದಳು. ಏನೂ ಕೇಳಿಸಲಿಲ್ಲ.

ಮಗನನ್ನು ಹೊರಗೆ ಕಳಿಸಿದೆ, ಗೇಟಿನ ಆಚೆ ಚಹಾದಂಗಡಿಯ ಹತ್ತಿರ ನಿಲ್ಲಿ ಎಂದೆ. ಆಮೇಲೆ ಅಜ್ಜಿಯ ಕೈ ಹಿಡಿದು ಹೇಳಿದೆ: "ಮಗ ಹೊಲದ ಆ ತುದಿಗೆ ಅದಾನ ಅನ್ಕೊಳ್ರಿ. ಮಳಿ ಬರಾಕತ್ತೈತಿ. ಉಸಿರ ತುಂಬ್ಕೊಂಡು ಕರೀರಿ."

ಅಜ್ಜಿ ಕಿಟಕಿಯ ಕಡೆ ನೋಡಿದಳು. ಎದೆ ನಿಧಾನಕ್ಕೆ ಏರಿತು.

"ಏ ಬಸವರಾಜಾ!"

ಕಾರಿಡಾರಿನಲ್ಲಿ ಓಡುವ ಹೆಜ್ಜೆಗಳು. ಮಗ ಕಣ್ಣರಳಿಸಿಕೊಂಡು ಬಾಗಿಲಲ್ಲಿ ಬಂದು ನಿಂತ. ಅವನ ಹಿಂದೆಯೇ, ಕೈಯಲ್ಲಿ ಕೆಟಲ್ ಹಿಡಿದು ಚಹಾದಂಗಡಿಯವನೂ ಬಂದ. ಅವನ ಹಿಂದೆ ಔಷಧ ಅಂಗಡಿಯ ಗುಮಾಸ್ತನೂ ಏದುಸಿರು ಬಿಡುತ್ತ ಬಂದು, "ಯಾರ್ರಿ ಕರದದ್ದು?" ಎಂದ.

ಮೂವರೂ ಬಸವರಾಜರೇ.